ವ್ಯಾಟ್ ಅಲ್ಲ, ಕೆಟಲ್ ಒಳಗಿನ ಗೆರೆ ನೋಡಿ

ಪ್ರಶ್ನೆ: ಅಣ್ಣಾರೇ, ನಮ್ಮ ಅತ್ತೆಗೆ 74 ವರ್ಷ. ಉಬ್ಬಸ ಇದೆ. ರಾತ್ರಿ ಎರಡು ಮೂರು ಸಲ ಎದ್ದು ಬಿಸಿನೀರು ಕಾಯಿಸಿಕೊಂಡು ಕುಡಿಯುತ್ತಾರೆ. ನಿದ್ದೆಗಣ್ಣಲ್ಲಿ ಗ್ಯಾಸ್ ಹಚ್ಚುತ್ತಾರಲ್ಲ, ಅದೇ ನನಗೆ ಭಯ. ಅದಕ್ಕೆ ಅವರ ಕೋಣೆಗೆ ಒಂದು ಕರೆಂಟಿನ ಕೆಟಲ್ ತರಬೇಕು ಅಂತಿದ್ದೇವೆ. ಸಾವಿರ ರೂಪಾಯಿ ಒಳಗೆ ಆಗಬೇಕು. ಅಂಗಡಿಯವರು ‘1500 ವ್ಯಾಟಿಂದು ಕರೆಂಟ್ ಭಾಳ ತಿಂತದ, 1000ದ್ದು ಒಯ್ಯಿರಿ’ ಅಂದರು. ನಾವು ಗೃಹಜ್ಯೋತಿಯಲ್ಲಿದ್ದೇವೆ, ತಿಂಗಳಿಗೆ ಸುಮಾರು 90 ಯೂನಿಟ್ ಉರಿಯುತ್ತದೆ. ಯಾವುದು ತರಲಿ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಅಕ್ಕಾರೇ, ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ 22 ವರ್ಷ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಕೆಟಲ್ ರಿಪೇರಿ ಮಾಡಿದವನು ನಾನು. ಈ ವ್ಯಾಟಿನ ಭಯ ದಿನಾ ಕೇಳುತ್ತಿದ್ದೆ. ಅದನ್ನು ಮೊದಲು ಬಿಡಿಸುತ್ತೇನೆ.

ವ್ಯಾಟ್ ಅಂದರೆ ನೀರು ಎಷ್ಟು ಬೇಗ ಕಾಯುತ್ತದೆ ಅನ್ನುವ ಲೆಕ್ಕ, ಅಷ್ಟೇ. ಒಂದು ಲೀಟರ್ ನೀರು ಕುದಿಯಲು 1500 ವ್ಯಾಟಿನ ಕೆಟಲ್‌ಗೆ ಸುಮಾರು 4 ನಿಮಿಷ ಬೇಕು, 1000 ವ್ಯಾಟಿನದಕ್ಕೆ 6 ನಿಮಿಷ. ಮೀಟರ್ ಓಡುವುದು ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಒಂದು ಲೀಟರಿಗೆ ಒಂದು ಯೂನಿಟ್‌ನ ಹತ್ತನೇ ಒಂದು ಪಾಲು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 60 ಪೈಸೆ ಆಯಿತು. ದಿನಕ್ಕೆ 3 ಲೀಟರ್ ಕಾಯಿಸಿದರೂ ತಿಂಗಳಿಗೆ 9 ಯೂನಿಟ್. ನಿಮಗೆ ನಿಗದಿಯಾದ ಯೂನಿಟ್ ಸ್ವಲ್ಪ ದಾಟಿದರೂ, ದಾಟಿದಷ್ಟಕ್ಕೆ ಮಾತ್ರ ದುಡ್ಡು. ಪೂರ್ತಿ ಬಿಲ್ ಕಟ್ಟಬೇಕಾಗುವುದು 200 ದಾಟಿದಾಗ. ನೀವು ಅದರಿಂದ ಬಹಳ ದೂರ ಇದ್ದೀರಿ.

ಹಾಗಾದರೆ ಕರೆಂಟ್ ಎಲ್ಲಿ ಪೋಲಾಗುತ್ತದೆ? ಬೇಡದ ನೀರು ಕಾಯಿಸುವುದರಲ್ಲಿ. ಕೆಟಲ್ ಒಳಗೆ ಎರಡು ಗೆರೆ ಇರುತ್ತವೆ. ಮೇಲಿನದು ಇದಕ್ಕಿಂತ ಹೆಚ್ಚು ಹಾಕಬೇಡಿ ಅಂತ, ಕೆಳಗಿನದು ಇದಕ್ಕಿಂತ ಕಡಿಮೆ ಹಾಕಬೇಡಿ ಅಂತ. 1.5, 1.8 ಲೀಟರಿನ ಎಷ್ಟೋ ಕೆಟಲ್‌ಗಳಲ್ಲಿ ಕೆಳಗಿನ ಗೆರೆಯೇ ಅರ್ಧ ಲೀಟರ್ ಇರುತ್ತದೆ. ನಿಮ್ಮ ಅತ್ತೆಯವರಿಗೆ ಬೇಕಾದದ್ದು ಒಂದು ಲೋಟ, ಅಂದರೆ 200 ಮಿಲಿ. ಪ್ರತಿ ಸಲ ಅದರ ಎರಡೂವರೆ ಪಟ್ಟು ಕಾಯಿಸಿ, ಉಳಿದದ್ದು ಆರಿಸಿದ ಹಾಗಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಡಬ್ಬಿಯ ಮೇಲಿನ ಅಕ್ಷರ ಓದುವ ಮೊದಲು ಮುಚ್ಚಳ ತೆಗೆದು ಆ ಗೆರೆ ನೋಡಿ.

ನಿಮಗೆ ಒಂದು ಲೀಟರಿನ ಒಳಗಿನದೇ ಸಾಕು. ಇನ್ನೊಂದು ಕಾರಣವೂ ಇದೆ. ದೊಡ್ಡ ಕೆಟಲ್ ತುಂಬಿದರೆ ಎರಡು ಕಿಲೋ ದಾಟುತ್ತದೆ. ಕುದಿಯುವ ನೀರಿನ ಅಷ್ಟು ಭಾರವನ್ನು 74ರ ಕೈ ರಾತ್ರಿ ಹೊತ್ತು ಎತ್ತಬಾರದು. ನಮ್ಮ ಅವ್ವನ ಮುಂಗೈ ಸುಟ್ಟದ್ದು ಹಾಗೆಯೇ. ಕೆಟಲ್ ಕೆಟ್ಟಿರಲಿಲ್ಲ, ಭಾರ ತಡೆಯದೆ ಕೈ ವಾಲಿತು ಅಷ್ಟೇ. ಆವತ್ತಿನಿಂದ ವಯಸ್ಸಾದವರ ಮನೆಗೆ ಯಾರು ಕೇಳಿದರೂ ನಾನು ಸಣ್ಣದನ್ನೇ ಹೇಳುತ್ತೇನೆ. ಒಳಗೆ ಸ್ಟೀಲು, ಹೊರಗೆ ಪ್ಲಾಸ್ಟಿಕ್, ಹೀಗೆ ಎರಡು ಗೋಡೆ ಇರುವುದು ಸಿಕ್ಕರೆ ಒಂದಿಷ್ಟು ಜಾಸ್ತಿ ಕೊಟ್ಟಾದರೂ ತನ್ನಿ. ಹೊರಮೈ ತಾಗಿದರೆ ಸುಡುವುದಿಲ್ಲ, ನೀರೂ ಬೇಗ ಆರುವುದಿಲ್ಲ. ಐಎಸ್‌ಐ ಗುರುತು ಇರಲೇಬೇಕು.

ಈಗ ನಿಮ್ಮ ಅಂಗಡಿಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ ಕಾರಣ ಸರಿಯಲ್ಲ, ಆದರೆ 1000 ವ್ಯಾಟಿನದೇ ನಿಮಗೆ ಸರಿಹೋಗಬಹುದು. ಅತ್ತೆಯವರ ಕೋಣೆಯಲ್ಲಿ ಯಾವ ಸಾಕೆಟ್ ಇದೆ ನೋಡಿ. ಹಳೇ ಮನೆಗಳ ಕೋಣೆಗಳಲ್ಲಿ ಸಾಮಾನ್ಯವಾಗಿ ಸಣ್ಣ ಸಾಕೆಟ್ ಮಾತ್ರ ಇರುತ್ತದೆ. ಅದು 6 ಆಂಪಿಯರಿನದು. 1500 ವ್ಯಾಟಿನ ಕೆಟಲ್ ಆರೂವರೆ ಆಂಪಿಯರ್ ಎಳೆಯುತ್ತದೆ. 1000ದ್ದು ನಾಲ್ಕೂ ಕಾಲು ಆಂಪಿಯರಿನಷ್ಟೇ. ದಪ್ಪ ಪಿನ್ನಿನ ದೊಡ್ಡ ಪವರ್ ಸಾಕೆಟ್ ಇದ್ದರೆ ಯಾವುದಾದರೂ ತನ್ನಿ. ಇಲ್ಲದಿದ್ದರೆ 1000 ದಾಟಬೇಡಿ.

ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ. ಕೆಟಲ್‌ನ ವೈರು ಬೇಕಂತಲೇ ಗಿಡ್ಡ ಇಟ್ಟಿರುತ್ತಾರೆ, ಜೋತು ಬಿದ್ದು ಯಾರ ಕೈಗೋ ಕಾಲಿಗೋ ಸಿಕ್ಕಬಾರದು ಅಂತ. ವೈರು ಮುಟ್ಟುವುದಿಲ್ಲ ಅಂತ ಜನ ಅಗ್ಗದ ಬಾಕ್ಸ್ ತಂದು ಸಿಕ್ಕಿಸುತ್ತಾರೆ. ಕರಗಿ ಕಪ್ಪಾದ ಅಂಥ ಬಾಕ್ಸ್‌ಗಳು ನನ್ನ ಮೇಜಿಗೆ ಎಷ್ಟು ಬಂದಿವೆ ಅಂತ ಲೆಕ್ಕವಿಲ್ಲ. ಸಾಕೆಟ್‌ನಿಂದ ಮೇಜಿಗೆ ಎಷ್ಟು ದೂರ ಅಂತ ಮನೆಯಲ್ಲೇ ಅಳೆದುಕೊಂಡು ಅಂಗಡಿಗೆ ಹೋಗಿ.

ಅತ್ತೆಯವರಿಗೆ ಒಂದು ಮಾತು ಚೆನ್ನಾಗಿ ತಿಳಿಸಿ ಹೇಳಿ: ಮುಚ್ಚಳ ಹಾಕಿಯೇ ಗುಂಡಿ ಒತ್ತಬೇಕು. ನೀರು ಕುದಿಯಿತು ಅಂತ ಕೆಟಲ್‌ಗೆ ಗೊತ್ತಾಗುವುದು ಉಗಿಯಿಂದ. ಹಿಡಿಕೆಯ ಕಡೆ ಒಳಗೆ ಸಾಮಾನ್ಯವಾಗಿ ಒಂದು ಸಣ್ಣ ಕಿಂಡಿ ಇರುತ್ತದೆ. ಉಗಿ ಅದರೊಳಗೆ ಹೋಗಿ ಎರಡು ಲೋಹ ಸೇರಿಸಿ ಮಾಡಿದ ಒಂದು ತೆಳು ಬಿಲ್ಲೆಗೆ ತಾಗುತ್ತದೆ. ಬಿಲ್ಲೆ ಬಾಗುತ್ತದೆ, ಟಕ್ ಅಂತ ಗುಂಡಿ ಮೇಲೇಳುತ್ತದೆ. ಮುಚ್ಚಳ ತೆರೆದಿದ್ದರೆ ಉಗಿ ಸುಮ್ನೆ ಮೇಲಕ್ಕೆ ಹೋಗಿಬಿಡುತ್ತದೆ, ನೀರು ಕುದಿಯುತ್ತಲೇ ಇರುತ್ತದೆ. ‘ತಾನೇ ಆಫ್ ಆಗವಲ್ದು’ ಅಂತ ಬರುತ್ತಿದ್ದ ಕೆಟಲ್‌ಗಳಲ್ಲಿ ಅರ್ಧಕ್ಕರ್ಧ ಮುಚ್ಚಳದ ಕೀಲು ಮುರಿದವೇ. ಕೊಳ್ಳುವಾಗ ಮುಚ್ಚಳವನ್ನು ನಾಲ್ಕಾರು ಸಲ ತೆರೆದು ಮುಚ್ಚಿ ನೋಡಿ. ಗಟ್ಟಿಯಾಗಿ ಕೂರಬೇಕು.

ಇಷ್ಟೆಲ್ಲ ಹೇಳಿದೆ. ಆದರೆ ನಿಮ್ಮ ಮನೆಗೆ ನಿಜಕ್ಕೂ ಬೇಕಾದದ್ದು ಕೆಟಲ್ ಜೊತೆಗೊಂದು ಒಳ್ಳೆಯ ಸ್ಟೀಲ್ ಫ್ಲಾಸ್ಕ್. ರಾತ್ರಿ ಮಲಗುವ ಮುಂಚೆ ನೀವೇ ಮುಕ್ಕಾಲು ಲೀಟರ್ ಕಾಯಿಸಿ ಫ್ಲಾಸ್ಕ್ ತುಂಬಿ, ಕೆಟಲ್‌ನ ಪಿನ್ ಕಿತ್ತಿಡಿ. ಎರಡು ಗಂಟೆಗೆ ಎದ್ದಾಗ ಅವರು ಬಗ್ಗಿಸಿಕೊಂಡರೆ ಸಾಕು. ಗ್ಯಾಸೂ ಇಲ್ಲ, ಕರೆಂಟೂ ಇಲ್ಲ. ರಾತ್ರಿ ಕರೆಂಟ್ ಹೋದರೂ ಬಿಸಿನೀರು ಇರುತ್ತದೆ. ಕುಡಿಯುವ ಮುಂಚೆ ಲೋಟದಲ್ಲಿ ಸ್ವಲ್ಪ ಆರಲು ಬಿಡಬೇಕು, ಅಷ್ಟೇ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿದೆ, ನೀರು ಕಾಯುವುದೂ ತಡವಾಗುತ್ತಿದೆ. ಹೊಸದು ಕೊಳ್ಳಬೇಕಾ? ಇದರಲ್ಲೇ ಹಾಲು ಕಾಯಿಸಬಹುದಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಹೊಸದು ಬೇಡ ಅಣ್ಣಾರೇ. ಅದು ಗಡಸು ನೀರಿನ ಸುಣ್ಣ. ಅರ್ಧ ಕೆಟಲ್ ನೀರಿಗೆ ಎರಡು ಲಿಂಬೆಹಣ್ಣಿನ ರಸ ಹಿಂಡಿ, ಒಮ್ಮೆ ಕುದಿಸಿ, ಅರ್ಧ ತಾಸು ಹಾಗೇ ಬಿಡಿ. ಆಮೇಲೆ ಚೆಲ್ಲಿ, ಬರೀ ನೀರು ಎರಡು ಸಲ ಕುದಿಸಿ ಚೆಲ್ಲಿ. ಪದರ ಹಳೆಯದಾಗಿದ್ದರೆ ಮರುದಿನ ಇನ್ನೊಮ್ಮೆ ಮಾಡಿ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಕೆಟಲನ್ನು ಪೂರ್ತಿ ನೀರಲ್ಲಿ ಮುಳುಗಿಸಲೂ ಬೇಡಿ.

ಹಾಲು ಬೇಡ. ಉಕ್ಕಿ ಆ ಉಗಿ ಕಿಂಡಿಯೊಳಗೆ ಇಳಿಯುತ್ತದೆ, ತಳಕ್ಕೆ ಸೀಯುತ್ತದೆ. ಚಹಾಕ್ಕೆ ನೀರಷ್ಟೇ ಇದರಲ್ಲಿ ಕಾಯಿಸಿಕೊಳ್ಳಿ, ಹಾಲು ಒಲೆಯ ಮೇಲಿರಲಿ.