ಪಂಪ್ ಏರಿಸುವ ಮೊದಲು ಸೀಡ್‌ನ ತರಂಗಾಂತರ ಸರಿ ಮಾಡಿ

ನಮಸ್ಕಾರ. ಪ್ಲಾಸ್ಮಾದೊಳಗೆ (ಎಲೆಕ್ಟ್ರಾನ್‌ಗಳು ಬಿಡಿಯಾಗಿರುವ ಅನಿಲ) ಉದ್ದನೆಯ ಲೇಸರ್ ಪಲ್ಸ್ ಆದ ‘ಪಂಪ್’ನ ಶಕ್ತಿಯನ್ನು ಎದುರಿನಿಂದ ಬರುವ ಪುಟ್ಟ ಪಲ್ಸ್ ಆದ ‘ಸೀಡ್’ಗೆ ದಾಟಿಸಿ ಅದನ್ನು ಬೆಳೆಸುವ ರಾಮನ್ ವರ್ಧನೆಯ ಬಗ್ಗೆ ನೀವು ಕೇಳಿದ್ದು ಇಷ್ಟು: ಸಿಮ್ಯುಲೇಶನ್‌ನಲ್ಲಿ 3 ಮಿ.ಮೀ. ಪ್ಲಾಸ್ಮಾ, ಘನ ಸೆಂ.ಮೀ.ಗೆ 10¹⁹ ಎಲೆಕ್ಟ್ರಾನ್, ಪಂಪ್ ಮತ್ತು ಸೀಡ್ ಎರಡೂ 800 ನ್ಯಾನೋಮೀಟರ್. ಎದುರುಬದುರು ಬಿಟ್ಟರೂ ಸೀಡ್ ಬೆಳೆಯುತ್ತಿಲ್ಲ, ಪಂಪ್ ಜಾಸ್ತಿ ಮಾಡಲಾ ಅಂತ. ದಯವಿಟ್ಟು ಬೇಡ. ತೊಂದರೆ ಇರುವುದು ಸೀಡ್‌ನ ತರಂಗಾಂತರದಲ್ಲಿ.

ಇಲ್ಲಿ ಪಂಪ್, ಸೀಡ್ ಮತ್ತು ಪ್ಲಾಸ್ಮಾದ ಎಲೆಕ್ಟ್ರಾನ್ ಅಲೆ, ಈ ಮೂರು ಅಲೆಗಳ ತಾಳ ಕೂಡಬೇಕು. ಪಂಪ್‌ನ ಫ್ರೀಕ್ವೆನ್ಸಿಯಲ್ಲಿ ಪ್ಲಾಸ್ಮಾದ್ದನ್ನು ಕಳೆದರೆ ಉಳಿಯುವುದೇ ಸೀಡ್‌ನದು. ನಿಮ್ಮ ಸಾಂದ್ರತೆಯಲ್ಲಿ ಪ್ಲಾಸ್ಮಾದ ಫ್ರೀಕ್ವೆನ್ಸಿ ಪಂಪ್‌ನದರ ಸುಮಾರು 7.6%. ಲೆಕ್ಕ ಹಾಕಿದರೆ ಸೀಡ್ 866 ನ್ಯಾನೋಮೀಟರ್ ಹತ್ತಿರ ಇರಬೇಕು.

ಒಳಗೆ ಏನು ನಡೆಯುತ್ತದೆ ಅಂದರೆ, ಎರಡು ಬೆಳಕೂ ಹಾಯುವಾಗ ಎಲೆಕ್ಟ್ರಾನ್‌ಗಳು ಸುಮಾರು 416 ನ್ಯಾನೋಮೀಟರ್‌ಗೊಂದರಂತೆ ಪದರ ಪದರವಾಗಿ ಒತ್ತಾಗಿ ನಿಲ್ಲುತ್ತವೆ. ಈ ಪದರಗಳು ಪಂಪ್ ಸಾಗುವ ದಿಕ್ಕಿಗೇ ನಿಧಾನವಾಗಿ ಸರಿಯುತ್ತವೆ. ಪದರಗಳೇ ಕನ್ನಡಿಯಂತೆ. ಈ ಸರಿಯುವ ಕನ್ನಡಿಗೆ ಬಡಿದು ವಾಪಸ್ ಬರುವ ಪಂಪ್ ಬೆಳಕು ಸ್ವಲ್ಪ ಕೆಂಪಿನ ಕಡೆಗೆ ವಾಲಿ ಸೀಡ್ ಜೊತೆ ಸೇರಿಕೊಳ್ಳುತ್ತದೆ. ಸೀಡ್ ಬಲವಾದಷ್ಟೂ ಕನ್ನಡಿ ಗಟ್ಟಿಯಾಗುತ್ತದೆ. ಇದನ್ನು ನೋಡುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಸಾಂದ್ರತೆ 10% ಏರಿದರೆ ಬೇಕಾದ ಸೀಡ್ 3–4 ನ್ಯಾನೋಮೀಟರ್ ಜರುಗುತ್ತದೆ. ಹಾಗಾಗಿ ಪ್ರಯೋಗದಲ್ಲಿ ಪ್ಲಾಸ್ಮಾ ಉದ್ದಕ್ಕೂ ಒಂದೇ ಸಮನಾಗಿರಬೇಕು, ಅದನ್ನು ಮಾಡುವುದು ತುಂಬಾ ಕಷ್ಟದ ಕೆಲಸ. ಮಾಲ್ಕಿನ್, ಶ್ವೆಟ್ಸ್ ಮತ್ತು ಫಿಶ್ 1999ರಲ್ಲೇ ಈ ದಾರಿ ತೋರಿಸಿದ್ದರೂ ಪ್ರಯೋಗಗಳಲ್ಲಿ ಸಿಕ್ಕ ದಕ್ಷತೆ ಇನ್ನೂ ಕಮ್ಮಿಯೇ. ಆದರೂ ಬಿಡಬಾರದ ದಾರಿ ಇದು. 1985ರಲ್ಲಿ ಬಂದ ಚರ್ಪ್ ವಿಧಾನದಲ್ಲಿ (ಲೇಸರ್ ಪಲ್ಸ್ ಅನ್ನು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವುದು) ಕೊನೆಗೆ ಪಲ್ಸ್ ಕುಗ್ಗಿಸಲು ಗ್ರೇಟಿಂಗ್ (ಸೂಕ್ಷ್ಮ ಗೀರುಗಳಿರುವ ಫಲಕ) ಬೇಕು. ಬೆಳಕು ಹೆಚ್ಚಾದರೆ ಅದು ಸುಡುತ್ತದೆ, ಅದಕ್ಕೇ ದೊಡ್ಡ ದೊಡ್ಡದು ಮಾಡುತ್ತಾ ಹೋಗಬೇಕು. ಪ್ಲಾಸ್ಮಾ ಅಂದರೆ ಆಗಲೇ ಒಡೆದುಹೋದ ವಸ್ತು, ಮತ್ತೆ ಸುಡಲು ಅದರಲ್ಲಿ ಏನಿದೆ?

ಇನ್ನು ಪಂಪ್. ಪ್ಲಾಸ್ಮಾ 3 ಮಿ.ಮೀ. ಆದರೆ ಪಂಪ್ 20 ಪಿಕೋಸೆಕೆಂಡ್ ಉದ್ದ ಸಾಕು. ಸೀಡ್ ಎದುರು ಬರುವುದರಿಂದ, ಬೆಳಕು ಪ್ಲಾಸ್ಮಾ ದಾಟುವ ಸಮಯದ ಎರಡರಷ್ಟು ಇದು. ತೀವ್ರತೆ ಚದರ ಸೆಂ.ಮೀ.ಗೆ 10¹⁴ ವ್ಯಾಟ್ ಆಸುಪಾಸಿನಲ್ಲಿರಲಿ. ಅದಕ್ಕಿಂತ ಬಹಳ ಮೇಲೆ ಹೋದರೆ ಪ್ಲಾಸ್ಮಾದ ಅಲೆಯೇ ಮುರಿಯುತ್ತದೆ, ಶಕ್ತಿ ಸೀಡ್‌ಗೆ ಹೋಗುವ ಬದಲು ಎಲೆಕ್ಟ್ರಾನ್‌ಗಳನ್ನು ಕಾಯಿಸುತ್ತದೆ.

ಸೀಡ್ ತೀರಾ ದುರ್ಬಲ ಇಟ್ಟರೂ ಕೆಡುತ್ತದೆ. ಮೊದಲ ಹಂತದಲ್ಲಿ ಅದು ಬೆಳೆಯುತ್ತಾ ಬಾಲ ಚಾಚಿ ಉದ್ದವಾಗುತ್ತದೆ. ಪಂಪ್ ಅನ್ನು ಪೂರ್ತಿ ಬರಿದು ಮಾಡುವಷ್ಟು ಬಲ ಬಂದ ಮೇಲೆಯೇ ಕುಗ್ಗತೊಡಗುವುದು. ಆಗ ಮುಂಭಾಗವೇ ಪಂಪ್‌ನ ಶಕ್ತಿಯನ್ನೆಲ್ಲಾ ಹೀರಿಕೊಳ್ಳುತ್ತದೆ, ಬಾಲಕ್ಕೆ ಏನೂ ಸಿಗುವುದಿಲ್ಲ.

ಕೊನೆಗೆ ಬಹಳ ಜನ ಎಡವುವ ಜಾಗ. ಸೀಡ್ ಇಲ್ಲದಿದ್ದರೂ ಪ್ಲಾಸ್ಮಾದ ಗದ್ದಲದಿಂದ ಪಂಪ್ ತಾನಾಗಿಯೇ ಹಿಂದಕ್ಕೆ ಚದುರುತ್ತದೆ. ಸೀಡ್ ಬರುವಷ್ಟರಲ್ಲಿ ಪಂಪ್ ಅರ್ಧ ಖಾಲಿ. ಸೆಲ್‌ಗೆ (ಲೆಕ್ಕದ ಜಾಲದ ಒಂದೊಂದು ಚೌಕಕ್ಕೆ) ಕಣಗಳು ಕಮ್ಮಿ ಇದ್ದರೆ ಸಿಮ್ಯುಲೇಶನ್ ಈ ಗದ್ದಲವನ್ನು ನಿಜಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸುತ್ತದೆ. ಅದಕ್ಕೆ ಮೊದಲು ಸೀಡ್ ತೆಗೆದು, ಬರೀ ಪಂಪ್ ಬಿಟ್ಟು ಒಮ್ಮೆ ಓಡಿಸಿ ನೋಡಿ. ಇನ್ನೊಂದು ತುದಿಯಲ್ಲಿ ಪಂಪ್ ಹೆಚ್ಚು ಕಡಿಮೆ ಪೂರ್ತಿ ಹೊರಬರಬೇಕು. ಬರದಿದ್ದರೆ ಕಣಗಳನ್ನು ಹೆಚ್ಚಿಸಿ. ಆಮೇಲೂ ಸೋರುತ್ತಿದ್ದರೆ ಪಂಪ್‌ಗೆ ಸ್ವಲ್ಪ ಚರ್ಪ್ ಕೊಡಿ, ಅಂದರೆ ಅದರ ಫ್ರೀಕ್ವೆನ್ಸಿ ಉದ್ದಕ್ಕೂ ಮೆಲ್ಲಗೆ ಬದಲಾಗುವಂತೆ ಮಾಡಿ. ಗದ್ದಲಕ್ಕೆ ತಾಳ ತಪ್ಪುತ್ತದೆ, ಚುರುಕಾದ ಬಲವಾದ ಸೀಡ್ ಮಾತ್ರ ತಡೆದುಕೊಳ್ಳುತ್ತದೆ.

ಸೀಡ್ ಅನ್ನು 866ಕ್ಕೆ ಬದಲಿಸಿ ಓಡಿಸಿದ ಮೇಲೆ ಬರೀ ಪಂಪ್‌ನದು, ಸೀಡ್ ಇರುವುದು, ಎರಡೂ ಗ್ರಾಫ್ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.