ಹೊಸಿಲ ಮುಂದೆ ನಿಂತುಬಿಡುವ ಮಾವ

ಪ್ರಶ್ನೆ: ನಮ್ಮ ಮಾವನಿಗೆ 71 ವರ್ಷ. ಪಾರ್ಕಿನ್ಸನ್ ಕಾಯಿಲೆ ಇದೆ. ಅಡುಗೆಮನೆ ಹೊಸಿಲ ಮುಂದೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಆದರೆ ಮಹಡಿ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಾರೆ! ನನ್ನ ಗಂಡ ‘ಎಲ್ಲಾ ನಾಟಕ’ ಅಂತ ರೇಗುತ್ತಾರೆ. ವ್ಯಾಯಾಮದಿಂದ ಉಪಯೋಗ ಇದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಾಟಕ ಅಲ್ಲ ತಾಯಿ. ಮೊದಲು ಇದನ್ನು ನಿಮ್ಮ ಯಜಮಾನರಿಗೆ ಓದಿಸಿ.

ನಡೆಯುವಾಗ ನಾವು ಒಂದೊಂದು ಹೆಜ್ಜೆಗೂ ಯೋಚನೆ ಮಾಡುವುದಿಲ್ಲ, ಅಲ್ವಾ? ಮಿದುಳು ಅದನ್ನು ತಾನಾಗಿಯೇ ನಡೆಸುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ ಕಡಿಮೆಯಾಗುತ್ತದೆ. ಆಗ ಕೆಡುವುದು ಈ ‘ತಾನಾಗಿ’ ಅನ್ನುವುದೇ. ಮೆಟ್ಟಿಲಲ್ಲಿ ಪ್ರತಿ ಹೆಜ್ಜೆಗೂ ಕಣ್ಣಿಗೆ ಒಂದು ಅಂಚು ಸಿಗುತ್ತದೆ. ಮಿದುಳು ಅದನ್ನು ಹಿಡಿದು ಬೇರೆ ದಾರಿಯಲ್ಲಿ ಕಾಲೆತ್ತಿಸುತ್ತದೆ. ಬಾಗಿಲು, ತಿರುವು, ಇಕ್ಕಟ್ಟಿನ ಜಾಗದಲ್ಲೇ ಕಾಲು ಹೀಗೆ ನೆಲಕ್ಕೆ ಕಚ್ಚಿಕೊಳ್ಳುವುದು ಜಾಸ್ತಿ.

ಹಾಗಾದರೆ ಮೆಟ್ಟಿಲನ್ನು ನೆಲಕ್ಕೆ ಇಳಿಸಿ. ಹೊಸಿಲಿನ ಈಚೆ ನಾಲ್ಕು, ಆಚೆ ಎರಡು ಪಟ್ಟಿ ಬಣ್ಣದ ಟೇಪು ಅಡ್ಡಡ್ಡ ಅಂಟಿಸಿ. ಅವರ ಒಂದು ಒಳ್ಳೆಯ ಹೆಜ್ಜೆಯಷ್ಟು ಅಂತರ ಇರಲಿ. ‘ನಡೀರಿ’ ಅನ್ನಬೇಡಿ, ‘ಗೆರೆ ದಾಟಿ’ ಅನ್ನಿ. ತಾಳವೂ ಕೆಲಸ ಮಾಡುತ್ತದೆ. ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು. ಹುಡುಗನಾಗಿದ್ದಾಗ ಊರಲ್ಲಿ ಕೋಲಾಟ ಆಡಿದವರು. ನಾನು ಎರಡು ಕೋಲು ಕುಟ್ಟಿದರೆ ಸಾಕು, ಮೈಸೂರಿನ ನಮ್ಮ ಹಜಾರ ದಾಟಿಬಿಡುತ್ತಿದ್ದರು.

ಎಳೆಯಬೇಡಿ. ಇಪ್ಪತ್ತು ವರ್ಷ ಫಿಸಿಯೋಥೆರಪಿ ಮಾಡಿದ ನಾನೇ ಒಂದು ದಿನ ಅವಸರಕ್ಕೆ ಅಪ್ಪನ ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಬಿದ್ದರು. ಕಾಲು ಕಚ್ಚಿಕೊಂಡಾಗ ನಿಲ್ಲಲಿ, ನೆಟ್ಟಗಾಗಲಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಲಿ, ಆಮೇಲೆ ಒಂದು ದೊಡ್ಡ ಹೆಜ್ಜೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯುವುದು ಬೇಡ. ಎತ್ತಿನ ಗಾಡಿ ತಿರುಗಿಸುವ ಹಾಗೆ ಅಗಲವಾಗಿ ಸುತ್ತಿ ಬರಲಿ.

ವ್ಯಾಯಾಮ ಖಂಡಿತ ಬೇಕು. ಪಾರ್ಕಿನ್ಸನ್ ಇರುವವರಿಗೆಂದೇ ರೂಪಿಸಿದ ‘ಎಲ್‌ಎಸ್‌ವಿಟಿ ಬಿಗ್’ ಅನ್ನುವ ವ್ಯಾಯಾಮ ಕ್ರಮದಲ್ಲಿ ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆಯಂತೆ 4 ವಾರ ಕೈಕಾಲುಗಳ ಚಲನೆಯನ್ನು ದೊಡ್ಡದು ಮಾಡಿಸುತ್ತಾರೆ. ಜೊತೆಗೆ ಮನೆಯಲ್ಲೂ ದಿನಾ ಮಾಡಬೇಕು. ಮಾವನಿಗೆ ‘ಇದು ಅತಿಯಾಯ್ತು’ ಅನ್ನಿಸುತ್ತದೆ. ನೋಡುವವರಿಗೆ ಅದೇ ಸರಿಯಾದ ಅಳತೆ! ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಲ್ಲೇ ಮಾಡಿಸಿ. ವ್ಯಾಯಾಮ ಶುರುವಾಯಿತು ಅಂತ ಮಾತ್ರೆ ಬಿಡಿಸಬೇಡಿ.

ಕಾಲು ಕಚ್ಚಿಕೊಳ್ಳುವುದು ಮಾತ್ರೆಯ ಪ್ರಭಾವ ಇಳಿದಾಗ ಮಾತ್ರವೋ, ಯಾವಾಗಲೂವೋ? ಒಂದು ವಾರ ಗಂಟೆ ಸಮೇತ ಬರೆದಿಟ್ಟು ನರರೋಗ ವೈದ್ಯರಿಗೆ ತೋರಿಸಿ. ಮತ್ತೆ, ಕಾಫಿ ಲೋಟ ಹಿಡಿದು ನಡೆಯುತ್ತಿರುವಾಗ ಅವರನ್ನು ಸುಮ್ನೆ ಮಾತಿಗೆ ಎಳೆಯಬೇಡಿ. ಆ ಬಾಗಿಲಲ್ಲಿ ಕಾಲೊರಸು ಹಾಸಿದ್ದರೆ ಇವತ್ತೇ ತೆಗೆದುಬಿಡಿ.