ಓದುಗರ ಪ್ರಶ್ನೆ, ನಮ್ಮ ಉತ್ತರ: ಮ್ಯಾಂಚೆಸ್ಟರಿನ ಬಸ್ಸು, ಟ್ರಾಮು

ಪ್ರಶ್ನೆ (ಶಿರಸಿಯಿಂದ): ಮಗಳು ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಮ್ಯಾಂಚೆಸ್ಟರಿಗೆ ಹೊರಟಿದ್ದಾಳೆ. ಅಲ್ಲಿಯ ಬಸ್ಸಿನಲ್ಲಿ ಕಂಡಕ್ಟರೇ ಇರುವುದಿಲ್ಲವಂತೆ. ವಿಮಾನ ಇಳಿದವಳು ಊರೊಳಗೆ ಹೋಗುವುದು ಹೇಗೆ, ಟಿಕೆಟ್ಟಿನ ದುಡ್ಡು ಕೊಡುವುದು ಹೇಗೆ?

ಉತ್ತರ: ಅರ್ಧ ಕೆಲಸ ಶಿರಸಿಯಲ್ಲೇ ಮುಗಿಸಿಕೊಳ್ಳಬೇಕು. ನಮ್ಮ ಬ್ಯಾಂಕುಗಳು ಹೊಸ ಕಾರ್ಡ್ ಕೊಡುವಾಗ ವಿದೇಶದ ಬಳಕೆ, ಟ್ಯಾಪ್ ಮಾಡಿ ಪಾವತಿಸುವ ಸೌಲಭ್ಯ ಎರಡನ್ನೂ ಮುಚ್ಚಿಯೇ ಕೊಡುತ್ತವೆ. ಅದು ರಿಸರ್ವ್ ಬ್ಯಾಂಕಿನ 2020ರ ನಿಯಮ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ತೆರೆದಿಡಲಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಆಗಿದ್ದರೆ ತೊಂದರೆಯಿಲ್ಲ. ಅಲ್ಲಿಯ ಬ್ಯಾಂಕ್ ಖಾತೆ ಆದ ಮೇಲೆ ಆ ಕಾರ್ಡಿಗೆ ಬದಲಾಯಿಸಿಕೊಂಡರೆ ವಿನಿಮಯದ ಶುಲ್ಕ ಉಳಿಯುತ್ತದೆ.

ವಿಮಾನ ನಿಲ್ದಾಣದಿಂದ ಮೂರು ದಾರಿ. ರೈಲಿನಲ್ಲಿ ಹೋದರೆ ಪಿಕಡಿಲಿ ನಿಲ್ದಾಣಕ್ಕೆ 20 ನಿಮಿಷದೊಳಗೆ. ಅದರ ಟಿಕೆಟ್ ಬೇರೆಯೇ ತೆಗೆಯಬೇಕು. ಟ್ರಾಮು ಸುತ್ತಿಬಳಸಿ ಹೋಗುತ್ತದೆ, ಮುಕ್ಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ. ಮಧ್ಯರಾತ್ರಿ ಇಳಿದವರಿಗೂ 43ನೇ ನಂಬರಿನ ಬಸ್ಸು ಸಿಗುತ್ತದೆ. ಅದು ಇಡೀ ದಿನ, ಇಡೀ ರಾತ್ರಿ ಓಡುತ್ತದೆ, ವಿಶ್ವವಿದ್ಯಾಲಯಗಳಿರುವ ಆಕ್ಸ್‌ಫರ್ಡ್ ರಸ್ತೆಯ ಮೇಲೇ ಹಾದುಹೋಗುತ್ತದೆ. ಎರಡು ದೊಡ್ಡ ಸೂಟ್‌ಕೇಸ್ ಹೊತ್ತ ವಿದ್ಯಾರ್ಥಿನಿಗೆ ನಾವು ಹೇಳುವುದು ಇದನ್ನೇ.

ಬಸ್ ಬರುವುದು ಕಂಡಾಗ ಕೈ ಚಾಚಬೇಕು, ಇಲ್ಲದಿದ್ದರೆ ನಿಲ್ಲಿಸದೆ ಹೋಗಬಹುದು. ಮುಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಪಕ್ಕದ ಯಂತ್ರಕ್ಕೆ ಕಾರ್ಡ್ ಒಮ್ಮೆ ತಾಗಿಸಿದರೆ ಸಾಕು. ಇಳಿಯುವಾಗ ತಾಗಿಸಬೇಕಿಲ್ಲ. ಟ್ರಾಮಿನಲ್ಲಿ ಹಾಗಲ್ಲ. ಯಂತ್ರ ಇರುವುದು ಪ್ಲಾಟ್‌ಫಾರ್ಮಿನಲ್ಲಿ. ಹತ್ತುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ತಾಗಿಸಲೇಬೇಕು. ಇಳಿದಾಗ ಮರೆತರೆ ಪ್ರಯಾಣ ಅರ್ಧಕ್ಕೇ ನಿಂತಂತೆ ಲೆಕ್ಕವಾಗಿ ಹೆಚ್ಚಿನ ದರ ಕತ್ತರಿಸಿಹೋಗುತ್ತದೆ. ಗೇಟು ಇಲ್ಲದ ಕಾರಣ ಹೊಸಬರು ಮರೆಯುವುದು ಇಲ್ಲೇ. ಒಂದು ಟ್ರಾಮಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಮಾತ್ರ ನಡುವೆ ತಾಗಿಸಬಾರದು.

2025ರ ದರದಲ್ಲಿ ಬಸ್ಸಿಗೆ 2 ಪೌಂಡ್. ಅಷ್ಟು ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ಸನ್ನಾದರೂ ಬದಲಾಯಿಸಬಹುದು. ಬಸ್ಸಿನಲ್ಲಿ ಮಾತ್ರ ಓಡಾಡಿದರೆ ದಿನಕ್ಕೆ 5, ಸೋಮವಾರದಿಂದ ಭಾನುವಾರದವರೆಗೆ 20 ಪೌಂಡ್ ದಾಟಿದ ಮೇಲೆ ಕತ್ತರಿಸುವುದು ನಿಲ್ಲುತ್ತದೆ. ಟ್ರಾಮು, ಬಸ್ಸು ಎರಡನ್ನೂ ಸೇರಿಸಿ ಹೀಗೆ ಲೆಕ್ಕ ಹಿಡಿಯುವ ಪದ್ಧತಿ 2025ರ ಮಾರ್ಚಿನಲ್ಲಿ ಬಂತು. ಇಲ್ಲೊಂದು ಎಚ್ಚರಿಕೆ: ಬೆಳಿಗ್ಗೆ ಕಾರ್ಡ್, ಸಂಜೆ ಫೋನು ಎಂದು ತಾಗಿಸಿದರೆ ಖಾತೆ ಒಂದೇ ಆದರೂ ಯಂತ್ರಕ್ಕೆ ಅವು ಇಬ್ಬರು ಪ್ರಯಾಣಿಕರು, ಮಿತಿಯ ಲಾಭ ಸಿಗುವುದಿಲ್ಲ. ದುಡ್ಡು ಕತ್ತರಿಸುವುದು ಆಗಿಂದಾಗ ಅಲ್ಲ, ದಿನದ ಲೆಕ್ಕವೆಲ್ಲ ಸೇರಿ ಒಮ್ಮೆಗೇ. ಆಗ ಖಾತೆಯಲ್ಲಿ ಹಣವಿಲ್ಲದಿದ್ದರೆ ಬಾಕಿ ತೀರುವವರೆಗೆ ಆ ಕಾರ್ಡ್ ನಡೆಯುವುದಿಲ್ಲ.

ಪ್ರಶ್ನೆ (ಕುಮಟಾದಿಂದ): ಇಂಗ್ಲೆಂಡಿನಲ್ಲಿ ಬಸ್ಸುಗಳನ್ನು ಪೂರ್ತಿ ಖಾಸಗಿಯವರಿಗೆ ಬಿಟ್ಟು, ಈಗ ಮತ್ತೆ ವಾಪಸ್ ತೆಗೆದುಕೊಂಡಿದ್ದಾರಂತೆ, ಹೌದೇ?

ಉತ್ತರ: ಮ್ಯಾಂಚೆಸ್ಟರಿನ ಮಟ್ಟಿಗೆ ಹೌದು, ಆದರೆ ವಾಪಸ್ ಬಂದದ್ದು ಏನು ಎಂಬುದನ್ನು ಬಿಡಿಸಿ ನೋಡಬೇಕು. 1969ರಲ್ಲಿ ಸುತ್ತಲಿನ 11 ಪುರಸಭೆಗಳ ಬಸ್ ಇಲಾಖೆಗಳನ್ನು ಒಟ್ಟುಗೂಡಿಸಿ ಒಂದೇ ಸಾರ್ವಜನಿಕ ಸಂಸ್ಥೆ ಮಾಡಿದ್ದರು. 1985ರ ಸಾರಿಗೆ ಕಾಯ್ದೆ ಅದನ್ನು ಬಿಚ್ಚಿತು. 1986ರ ಅಕ್ಟೋಬರ್ 26ರಿಂದ ಲಂಡನ್ ಬಿಟ್ಟು ಉಳಿದೆಡೆ ಪರವಾನಗಿ ಪಡೆದ ಯಾವ ಕಂಪನಿಯಾದರೂ 42 ದಿನ ಮೊದಲು ನೋಂದಾಯಿಸಿ ತನಗೆ ಬೇಕಾದ ಮಾರ್ಗದಲ್ಲಿ, ತನಗೆ ಬೇಕಾದ ದರದಲ್ಲಿ ಬಸ್ ಓಡಿಸಬಹುದಾಯಿತು. ನಿಲ್ಲಿಸುವುದೂ ಅಷ್ಟೇ ಸುಲಭ.

ಇಂಥ ವ್ಯವಸ್ಥೆಯ ಪರಿಣಾಮ ನಿಮ್ಮ ಕಣ್ಣೆದುರೇ ಇದೆ. ಹೊನ್ನಾವರ–ಕುಮಟಾ ಹೆದ್ದಾರಿಯಲ್ಲಿ ಟೆಂಪೊ ಒಂದರ ಹಿಂದೊಂದು ಬರುತ್ತದೆ. ರಾತ್ರಿ ಒಳಹಳ್ಳಿಗೆ ಹೋಗಿ ತಂಗಿ ಬೆಳಿಗ್ಗೆ ಶಾಲೆ ಮಕ್ಕಳನ್ನು ಹೊತ್ತು ತರುವ ವಸ್ತಿ ಬಸ್ಸನ್ನು ಸಾರಿಗೆ ಸಂಸ್ಥೆಯೇ ಬಿಡಬೇಕು. ಅಲ್ಲೂ ವಿದ್ಯಾರ್ಥಿಗಳು ತುಂಬಿರುವ ವಿಲ್ಮ್‌ಸ್ಲೋ ರಸ್ತೆಯಲ್ಲಿ ಬಸ್ಸಿಗೆ ಬಸ್ಸು ತಾಗುವಷ್ಟು ಪೈಪೋಟಿ. ಸಂಜೆಯ ಮೇಲೆ, ಭಾನುವಾರ, ಊರ ಅಂಚಿಗೆ ಬಸ್ ಬೇಕೆಂದರೆ ಸ್ಥಳೀಯ ಆಡಳಿತವೇ ಟೆಂಡರ್ ಕರೆದು ಕೈಯಿಂದ ಹಣ ತೆರಬೇಕಾಯಿತು. ಒಂದು ಕಂಪನಿಯ ದಿನದ ಪಾಸು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಲಾಭ ಒಬ್ಬರಿಗೆ, ನಷ್ಟದ ಮಾರ್ಗ ಸಾರ್ವಜನಿಕರಿಗೆ ಎಂಬ ಈ ಹಂಚಿಕೆ ತಪ್ಪೆಂದೇ ನಾವು ಹೇಳುತ್ತೇವೆ: ತುಂಬಿದ ಮಾರ್ಗದ ಗಳಿಕೆಯೇ ಖಾಲಿ ಮಾರ್ಗವನ್ನು ಸಾಕಬೇಕು.

2017ರ ಕಾಯ್ದೆ ಚುನಾಯಿತ ಮೇಯರ್‌ಗೆ ಇದನ್ನು ಬದಲಿಸುವ ಅಧಿಕಾರ ಕೊಟ್ಟಿತು. ಮೇಯರ್ ಆ್ಯಂಡಿ ಬರ್ನಮ್ 2021ರಲ್ಲಿ ನಿರ್ಧಾರ ಮಾಡಿದರು. ಬಸ್ ಕಂಪನಿಗಳು ಕೋರ್ಟಿಗೆ ಹೋಗಿ 2022ರಲ್ಲಿ ಸೋತವು. 2023ರ ಸೆಪ್ಟೆಂಬರ್ 24ರಂದು ಬೋಲ್ಟನ್, ವಿಗನ್ ಕಡೆಯಿಂದ ಶುರುವಾಗಿ, 2025ರ ಜನವರಿ 5ಕ್ಕೆ ಇಡೀ ಗ್ರೇಟರ್ ಮ್ಯಾಂಚೆಸ್ಟರ್ ಒಂದೇ ವ್ಯವಸ್ಥೆಗೆ ಬಂತು. ಹೆಸರು ಬೀ ನೆಟ್‌ವರ್ಕ್, ಬಸ್ಸಿನ ಬಣ್ಣ ಹಳದಿ. ದುಡಿಯುವ ಜೇನುನೊಣ ಆ ಕೈಗಾರಿಕಾ ಊರಿನ ಹಳೆಯ ಲಾಂಛನ.

ಓಡಿಸುವವು ಈಗಲೂ ಖಾಸಗಿ ಕಂಪನಿಗಳೇ. ಮಾರ್ಗ, ವೇಳೆ, ದರ ನಿಗದಿಪಡಿಸುವುದು ಸಾರಿಗೆ ಪ್ರಾಧಿಕಾರ. ಟಿಕೆಟ್ ಹಣವೂ ಅದಕ್ಕೇ ಸೇರುತ್ತದೆ, ಓಡಿಸಿದ್ದಕ್ಕೆ ಕಂಪನಿಗೆ ಗುತ್ತಿಗೆಯ ಮೊತ್ತ ಕೊಡುತ್ತದೆ. ಜನ ಹತ್ತದಿದ್ದರೆ ನಷ್ಟವೂ ಪ್ರಾಧಿಕಾರದ್ದೇ.

ಪ್ರಶ್ನೆ (ಕಾರವಾರದಿಂದ): ಟ್ರಾಮು ಕಿತ್ತು ಹಾಕಿದ್ದ ಊರು ಮತ್ತೆ ಯಾಕೆ ಹಾಕಿತು? ಕೊಂಕಣ ರೈಲ್ವೆಯ ತಂತಿಯಲ್ಲಿ 25,000 ವೋಲ್ಟ್ ಎನ್ನುತ್ತಾರೆ. ಪೇಟೆ ರಸ್ತೆಯ ಮೇಲೆ ಅಂಥ ತಂತಿ ಅಪಾಯವಲ್ಲವೇ?

ಉತ್ತರ: ಕುದುರೆ ಎಳೆಯುವ ಟ್ರಾಮು ಅಲ್ಲಿಗೆ ಬಂದದ್ದು 1877ರಲ್ಲಿ, ವಿದ್ಯುತ್ ಟ್ರಾಮು 1901ರಲ್ಲಿ. 1930ರಲ್ಲಿ 53ನೇ ನಂಬರಿನ ಮಾರ್ಗಕ್ಕೆ ಬಸ್ ಹಾಕಿದಾಗಿನಿಂದ ಟ್ರಾಮು ಹಿಂದೆ ಸರಿಯಿತು. ಹಳಿಯ ದುರಸ್ತಿ ದುಬಾರಿ, ಬಸ್ಸಿಗೆ ಹಳಿಯೇ ಬೇಡ. ಯುದ್ಧ ಬಂದು ಕೆಲಸ ನಿಂತು, ಕೊನೆಯ ಟ್ರಾಮು ಓಡಿದ್ದು 1949ರ ಜನವರಿಯಲ್ಲಿ.

ಮತ್ತೆ ತಂದ ಕಾರಣ ಊರಿನ ನಕ್ಷೆಯಲ್ಲಿದೆ. ಉತ್ತರದ ರೈಲುಗಳು ವಿಕ್ಟೋರಿಯಾದಲ್ಲಿ, ದಕ್ಷಿಣದವು ಪಿಕಡಿಲಿಯಲ್ಲಿ ನಿಲ್ಲುತ್ತಿದ್ದವು; ನಡುವಿನ ಸುಮಾರು ಒಂದು ಕಿ.ಮೀ. ಪೇಟೆಯಲ್ಲಿ ಹಳಿಯೇ ಇಲ್ಲ. ಸುರಂಗ ಕೊರೆಯುವ ಯೋಜನೆ 1970ರ ದಶಕದಲ್ಲಿ ಹಣವಿಲ್ಲದೆ ಬಿದ್ದುಹೋಯಿತು. ಕೊನೆಗೆ ಬರಿ, ಆಲ್ಟ್ರಿಂಚಮ್ ಎಂಬ ಎರಡು ರೈಲು ಮಾರ್ಗಗಳನ್ನೇ ಟ್ರಾಮು ಮಾರ್ಗ ಮಾಡಿ, ನಡುವೆ ರಸ್ತೆಯ ಮೇಲೆ ಹಳಿ ಹಾಸಿ ಜೋಡಿಸಿದರು. 1992ರ ಏಪ್ರಿಲ್ 6ರಂದು ಮೆಟ್ರೊಲಿಂಕ್ ಶುರುವಾಯಿತು. ಹಳೆಯ ರೈಲು ಪ್ಲಾಟ್‌ಫಾರ್ಮುಗಳು ಎತ್ತರವಾಗಿದ್ದುದರಿಂದ ರಸ್ತೆ ಮಧ್ಯದ ನಿಲ್ದಾಣಗಳನ್ನೂ ಸುಮಾರು 90 ಸೆಂ.ಮೀ. ಎತ್ತರಕ್ಕೇ ಕಟ್ಟಬೇಕಾಯಿತು. ಈಗ ಒಟ್ಟು 99 ನಿಲ್ದಾಣ.

ತಂತಿಯಲ್ಲಿರುವುದು 750 ವೋಲ್ಟ್ ನೇರ ವಿದ್ಯುತ್. ಮುಟ್ಟಿದರೆ ಅದೂ ಸಾಯಿಸುತ್ತದೆ; ಆದರೆ 25,000 ವೋಲ್ಟಿಗೆ ಬೇಕಾದಷ್ಟು ಅಂತರ ಇದಕ್ಕೆ ಬೇಡ, ಕಟ್ಟಡಗಳ ನಡುವೆ ಎಳೆಯಬಹುದು. ಇದಕ್ಕೆ ತೆರುವ ಬೆಲೆ ಬೇರೆ: ಅಷ್ಟೇ ಶಕ್ತಿಗೆ 33 ಪಟ್ಟು ಹೆಚ್ಚು ಕರೆಂಟು ಹರಿಯಬೇಕು, ಹಾಗಾಗಿ ತಂತಿ ದಪ್ಪ, ಸಬ್‌ಸ್ಟೇಷನ್ನುಗಳು ಹತ್ತಿರ ಹತ್ತಿರ. ಹಳಿಯ ಮೂಲಕ ವಾಪಸಾಗುವ ಕರೆಂಟು ನೆಲಕ್ಕೆ ಸೋರಿದರೆ ಅಕ್ಕಪಕ್ಕದ ನೀರಿನ ಕಬ್ಬಿಣದ ಪೈಪನ್ನು ತಿಂದುಹಾಕುತ್ತದೆ. ಅದಕ್ಕೇ ರಸ್ತೆಯಲ್ಲಿ ಹುದುಗಿಸುವ ಹಳಿಯ ಸುತ್ತ ವಿದ್ಯುತ್ ನಿರೋಧಕ ಹೊದಿಕೆ ಹಾಕುತ್ತಾರೆ.

ಪ್ರಶ್ನೆ (ಅಂಕೋಲಾದಿಂದ): ಅಲ್ಲಿ ಮೊದಲ ಬಸ್ ಯಾವಾಗ ಓಡಿತು?

ಉತ್ತರ: 1824ರಲ್ಲಿ. ಪೆಂಡಲ್ಟನ್ ಸುಂಕದ ಕಟ್ಟೆಯ ಜಾನ್ ಗ್ರೀನ್‌ವುಡ್ ಕುದುರೆ ಗಾಡಿಯಲ್ಲಿ ಜನರನ್ನು ಮ್ಯಾಂಚೆಸ್ಟರ್ ಪೇಟೆಗೆ ಕರೆದೊಯ್ಯತೊಡಗಿದರು. ಮುಂಗಡ ಕಾದಿರಿಸಬೇಕಿರಲಿಲ್ಲ, ದಾರಿಯಲ್ಲಿ ಎಲ್ಲಿ ಬೇಕಾದರೂ ಹತ್ತಬಹುದಿತ್ತು.

ಪ್ರಶ್ನೆ (ಹೊನ್ನಾವರದಿಂದ): ಮಗನ ಮನೆಗೆ ಮೂರು ತಿಂಗಳಿಗೆ ಹೋಗುತ್ತಿದ್ದೇವೆ. ಇಬ್ಬರಿಗೂ 67 ದಾಟಿದೆ. ಅಲ್ಲಿ ಹಿರಿಯರಿಗೆ ಬಸ್ ಪುಕ್ಕಟೆಯಂತೆ, ನಮಗೆ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಆ ಪಾಸು ಸರ್ಕಾರಿ ಪಿಂಚಣಿಯ ವಯಸ್ಸು ತುಂಬಿದ, ಅಲ್ಲೇ ವಾಸವಿರುವವರಿಗೆ ಮಾತ್ರ. ನಮ್ಮ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ ಮಾತ್ರ ಇರುವ ಹಾಗೆ. ನೀವಿಬ್ಬರೂ ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಟ್ರಾಮಿನಲ್ಲಿ ಒಂದೇ ಕಾರ್ಡನ್ನು ಇಬ್ಬರಿಗೂ ತಾಗಿಸಿದರೆ ಎರಡನೆಯ ಸಲ ಇಳಿದಂತೆ ಲೆಕ್ಕವಾಗುತ್ತದೆ.